ಗೃಹಯಂತ್ರ ವಿಚಾರ: ಗಣಕದೊಳಗಿನ ತಪ್ಪು-ವರದಿಗಳು

ಅರಸೀಕೆರೆಯ ವಾಚಕರೊಬ್ಬರು ಬರೆದು ಕೇಳಿರುವ ಪ್ರಶ್ನೆಯೊಂದನ್ನು ಈ ತಿಂಗಳು ಎತ್ತಿಕೊಳ್ಳುತ್ತೇವೆ. ಅವರದು ಕೊಬ್ಬರಿ ವ್ಯಾಪಾರದ ಮನೆ. ಮನೆಗೆಲ್ಲ ಇರುವುದು ಒಂದೇ ಕಂಪ್ಯೂಟರು. ಮಂಡಿಯ ಜಮಾಖರ್ಚು, ಮಗಳ ಪರೀಕ್ಷೆಯ ಅರ್ಜಿಗಳು, ತೀರಿಕೊಂಡ ತಂದೆಯವರ ಭಾವಚಿತ್ರಗಳು, ಇವೆಲ್ಲವೂ ಅದೊಂದರಲ್ಲಿಯೇ ಇವೆಯಂತೆ. ಕೆಲವು ದಿನಗಳಿಂದ ಆ ಯಂತ್ರವು ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಹೇಳಲಾರಂಭಿಸಿದೆ. ಬರೆದ ಲೆಕ್ಕವು ಉಳಿಯುವುದಿಲ್ಲ, ಹೊಸ ಚಿತ್ರವನ್ನು ಸೇರಿಸಲು ಹೋದರೆ ಸೇರುವುದಿಲ್ಲ. ನೆರೆಯವರೊಬ್ಬರು, "ಒಳಗೆ ಎರರ್ ರಿಪೋರ್ಟುಗಳೆಂಬ ಕಸ ತುಂಬಿದೆ, ಅಳಿಸಿಬಿಡಿ" ಎಂದರಂತೆ. ಇನ್ನೊಬ್ಬರು, "ವಿಂಡೋಸಿನ ಕೋಶಕ್ಕೆ ಕೈ ಹಾಕಿದರೆ ಯಂತ್ರವೇ ಏಳುವುದಿಲ್ಲ" ಎಂದು ಹೆದರಿಸಿದರಂತೆ. ಮೂರನೆಯವರು ಹೊಸ ಯಂತ್ರವನ್ನೇ ಕೊಳ್ಳಿರೆಂದರಂತೆ. ಯಾರ ಮಾತು ನಿಜ ಎಂಬುದು ಪ್ರಶ್ನೆ.

ಮೊದಲಿನ ಇಬ್ಬರ ಮಾತೂ ಅರ್ಧರ್ಧ ನಿಜ. ಮೂರನೆಯವರ ಮಾತಿಗೆ ಸದ್ಯಕ್ಕೆ ಅವಸರವಿಲ್ಲ.

ತಪ್ಪು-ವರದಿಯೆಂದರೆ ಏನೆಂಬುದನ್ನು ತಿಳಿದ ಹೊರತು ಅದನ್ನು ಅಳಿಸಬಹುದೇ ಕೂಡದೇ ಎಂದು ತೀರ್ಮಾನಿಸಲಾಗದು. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಒಂದು ಕಾರ್ಯಕ್ರಮವು, ಅಂದರೆ ಪ್ರೋಗ್ರಾಮು, ನಡುವೆಯೇ ಮುಗ್ಗರಿಸಿ ಬಿದ್ದರೆ, ಬಿದ್ದದ್ದು ಯಾವುದು, ಯಾವ ಹೊತ್ತಿನಲ್ಲಿ, ಅದರ ಯಾವ ಭಾಗದಲ್ಲಿ ಎಂಬುದನ್ನು ವಿಂಡೋಸ್ ಎಂಬ ಮೂಲ ವ್ಯವಸ್ಥೆಯು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಮನೆಯವರು ಒಪ್ಪಿದ್ದರೆ ಅದರ ಪ್ರತಿಯನ್ನು ಅಂತರ್ಜಾಲದ ಮೂಲಕ ತಯಾರಕರಿಗೆ ಕಳುಹಿಸುತ್ತದೆ. ಕಳುಹಿಸಿದ ಮೇಲೂ ಪ್ರತಿಯು ಇಲ್ಲಿ ಉಳಿಯುತ್ತದೆ. ಕಳುಹಿಸಲಾಗದಿದ್ದರೆ ಸರತಿಯಲ್ಲಿ ಕಾದಿರುತ್ತದೆ. ಅಂಚೆಗೆ ಹಾಕಿದ ಕಾಗದದ ನಕಲನ್ನೂ, ಇನ್ನೂ ಹಾಕದ ಕಾಗದವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಗುಮಾಸ್ತನಂತೆ ಇದರ ನಡತೆ.

ತಪ್ಪನ್ನು ಬರೆದಿಡುವ ಪದ್ಧತಿಯು ಗಣಕದಷ್ಟೇ ಹಳೆಯದು. ೧೯೪೭ನೆಯ ಇಸವಿ ಸೆಪ್ಟೆಂಬರ್ ೯ರಂದು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ೨ ಎಂಬ ಗಣಕವನ್ನು ಪರೀಕ್ಷಿಸುತ್ತಿದ್ದವರಿಗೆ ಅದರ ರಿಲೇಯೊಂದರ ಸಂದಿನಲ್ಲಿ ಸತ್ತ ಪತಂಗವೊಂದು ಸಿಕ್ಕಿತು. ಅವರು ಅದನ್ನು ತೆಗೆದು ಎಸೆಯದೆ ದಿನಚರಿಯ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ವೇಳೆಯನ್ನು ಬರೆದಿಟ್ಟರು. ಆ ಹಾಳೆಯು ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ವಿಂಡೋಸಿನ ಹಳೆಯ ಆವೃತ್ತಿಗಳಲ್ಲಿ ಇದೇ ಕೆಲಸಕ್ಕೆ ನೇಮಿಸಿದ ಸಾಧನಕ್ಕೆ ಡಾಕ್ಟರ್ ವಾಟ್ಸನ್ ಎಂದು ಹೆಸರಿಟ್ಟಿದ್ದರು. ಷರ್ಲಾಕ್ ಹೋಮ್ಸನ ಕಥೆಗಳನ್ನು ಓದಿದವರಿಗೆ ಆ ಹೆಸರಿನ ಸ್ವಾರಸ್ಯವು ತಾನಾಗಿಯೇ ಹೊಳೆಯುತ್ತದೆ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಂದಿನಿಂದ ವರದಿಯನ್ನು ತಯಾರಕರಿಗೆ ಕಳುಹಿಸುವ ಏರ್ಪಾಡು ಮನೆಮನೆಗೂ ಬಂದಿತು. ಅದರಿಂದ ಲಾಭವಿಲ್ಲವೆಂದು ಹೇಳಲಾಗದು. ಹೀಗೆ ಬಂದ ವರದಿಗಳನ್ನು ಪರಿಶೀಲಿಸಿದಾಗ, ನೂರಕ್ಕೆ ಸುಮಾರು ೨೦ ದೋಷಗಳೇ ನೂರಕ್ಕೆ ೮೦ ತೊಂದರೆಗಳಿಗೆ ಮೂಲವೆಂದು ತಿಳಿದುಬಂದಿತೆಂದು ಆ ಸಂಸ್ಥೆಯ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅವರು ೨೦೦೨ರಲ್ಲಿ ಪ್ರಕಟಪಡಿಸಿದರು. ಯಾವುದನ್ನು ಮೊದಲು ರಿಪೇರಿ ಮಾಡಬೇಕೆಂಬುದು ಈ ವರದಿಗಳಿಂದಲೇ ಅವರಿಗೆ ಗೊತ್ತಾದದ್ದು.

ಆದುದರಿಂದ ಇವು ಹುಟ್ಟಿನಿಂದಲೇ ಕಸವಲ್ಲ. ಕೆಲಸ ಮುಗಿದ ಮೇಲೆ ಕಸವಾಗತಕ್ಕವು. ಈ ಭೇದವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಇಂದು ನಾವು ಫೈಲು ಎಂಬುದಕ್ಕೆ ಕಡತ ಎಂದು ಹೇಳುತ್ತೇವಷ್ಟೆ. ಹಿಂದಿನ ಕಡತವು ಬಟ್ಟೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬಾಕಿ ತೀರಿದ ಮೇಲೆ ಒರಸಿ ಅದೇ ಸ್ಥಳದಲ್ಲಿ ಹೊಸ ಲೆಕ್ಕವನ್ನು ಬರೆಯುವರು. ಬೇಲೂರು ಹಳೇಬೀಡುಗಳ ದೇವಾಲಯಗಳೂ ಬಳಪದ ಕಲ್ಲಿನವೇ ಎಂಬುದನ್ನು ಇಲ್ಲಿ ನೆನೆಯಬಹುದು. ೧೧೧೭ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಿಸಿದ ಸಂಗತಿಯು ಕಲ್ಲಿನಲ್ಲಿ ಕೊರೆದು ನಿಂತಿದೆ. ಅದೇ ಜಾತಿಯ ಕಲ್ಲಿನ ಕಡ್ಡಿಯಿಂದ ಬರೆದ ವ್ಯಾಪಾರಿಯ ಬಾಕಿಯು ಕೈವಸ್ತ್ರದ ಒಂದು ಒರಸಿಗೆ ಅಳಿದುಹೋಗುತ್ತಿತ್ತು. ಕಂಪ್ಯೂಟರಿನ ಡಿಸ್ಕಿನಲ್ಲಿ ಶಾಸನವೂ ಬಾಕಿಯ ಲೆಕ್ಕವೂ ಒಂದೇ ಬಗೆಯ ಅಕ್ಷರಗಳಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವುದೇ ತೊಡಕು.

ಇನ್ನು ಪ್ರಕೃತಕ್ಕೆ ಬರೋಣ. ವಿಂಡೋಸ್ ಬರೆದಿಡುವ ಈ ಬರವಣಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೇಲೆ ಹೇಳಿದ ಸಾಮಾನ್ಯ ವರದಿ. ಇದು ಸಣ್ಣದು. ಒಂದೊಂದಾಗಿ ನೋಡಿದರೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಯಾವುದೋ ಒಂದು ಪ್ರೋಗ್ರಾಮು ದಿನಕ್ಕೆ ಹತ್ತಾರು ಸಲ ಬೀಳುತ್ತಿದ್ದರೆ ತಿಂಗಳುಗಳ ಮೇಲೆ ರಾಶಿಯಾಗುತ್ತದೆ. ಎರಡನೆಯದು ಮೆಮೊರಿ ಡಂಪು. ಒಂದು ಪ್ರೋಗ್ರಾಮಲ್ಲದೆ ಇಡೀ ಯಂತ್ರವೇ ಕುಸಿದು, ನೀಲಿ ಪರದೆ ಬಂದು, ತಾನಾಗಿ ಮತ್ತೆ ಹೊತ್ತಿಕೊಂಡಿತೆಂದರೆ, ಕುಸಿದ ಆ ಕ್ಷಣದಲ್ಲಿ ಸ್ಮೃತಿಯಲ್ಲಿ ಇದ್ದುದರ ಮುಖ್ಯಭಾಗವನ್ನು ಅದು ಒಂದೇ ದೊಡ್ಡ ಫೈಲಿಗೆ ಸುರಿದಿಟ್ಟಿರುತ್ತದೆ. ಇದು ಕೆಲವೊಮ್ಮೆ ಹಲವು ಜಿ.ಬಿ.ಗಳಷ್ಟು ಇರಬಹುದು. ಮತ್ತೊಮ್ಮೆ ಕುಸಿದಾಗ ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು ಸಾಮಾನ್ಯ ಪದ್ಧತಿ. ಇದರ ಜೊತೆಗೆ ಮಿನಿಡಂಪೆಂಬ ಪುಟ್ಟ ಸಾರಾಂಶವನ್ನು ದಿನಾಂಕದ ಹೆಸರಿನಲ್ಲಿ ಬೇರೆ ಬೇರೆಯಾಗಿ ಇಡುತ್ತದೆ. ಮಳೆಗಾಲದಲ್ಲಿ ಬೇಲೂರಿನ ಕಡೆ ಕರೆಂಟು ಹೋಗಿ ಯಂತ್ರ ಆರಿಹೋದರೆ ಡಂಪು ಆಗುವುದಿಲ್ಲ. ಬರೆಯಲು ಅದಕ್ಕೆ ಉಸಿರೇ ಇರುವುದಿಲ್ಲವಷ್ಟೆ. ಹಾಗೆ ಆರಿತೆಂಬ ಒಂದು ಸಾಲು ಮಾತ್ರ, ಮತ್ತೆ ಎದ್ದ ಮೇಲೆ, ದಾಖಲೆಯಲ್ಲಿ ಸೇರುತ್ತದೆ.

ಸ್ಥಳದ ಲೆಕ್ಕವನ್ನು ಕುರಿತು ಒಂದು ಮಾತು. ನಮ್ಮ ವಾಚಕರು, ಅಂಗಡಿಯವನು ೧೨೮ ಜಿ.ಬಿ. ಎಂದು ಕೊಟ್ಟ ಡಿಸ್ಕಿನಲ್ಲಿ ಯಂತ್ರವು ೧೧೯ನ್ನೇ ತೋರಿಸುತ್ತದೆ, ಉಳಿದ ೯ನ್ನು ಈ ವರದಿಗಳು ನುಂಗಿವೆಯೇ ಎಂದೂ ಕೇಳಿದ್ದಾರೆ. ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ ೧೦೨೪ರ ಲೆಕ್ಕದಲ್ಲಿ ಅಳೆಯುತ್ತದೆ. ಬೇರೆ ಬೇರೆ ಸೇರಿನಿಂದ ಒಂದೇ ರಾಗಿಯನ್ನು ಅಳೆದಂತೆ. ಕಾಳು ಎಲ್ಲಿಗೂ ಹೋಗಿಲ್ಲ. ‘ದಿಸ್ ಪಿಸಿ’ ಎಂಬುದನ್ನು ತೆರೆದಾಗ ಸಿ ಡ್ರೈವಿನ ಪಟ್ಟಿಯು ಕೆಂಪಾಗಿದ್ದರೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಮೆ ಸ್ಥಳ ಉಳಿದಿದೆಯೆಂದು ಅರ್ಥ. ಆಗ ಉಪೇಕ್ಷೆ ಮಾಡಬಾರದು. ಸ್ಥಳವಿಲ್ಲದ ಯಂತ್ರಕ್ಕೆ ಭದ್ರತೆಯ ಹೊಸ ತಿದ್ದುಪಡಿಗಳು ಇಳಿಯುವುದಿಲ್ಲ. ಬರೆಯುತ್ತಿದ್ದ ಲೆಕ್ಕದ ಫೈಲು ಅರ್ಧಕ್ಕೆ ನಿಂತು ಕೆಡುವ ಸಂಭವವೂ ಉಂಟು.

ಕೆಲಸಕ್ಕೆ ತೊಡಗುವ ಮೊದಲು ಎರಡು ಎಚ್ಚರಿಕೆಗಳು ಅವಶ್ಯ. ಜಮಾಖರ್ಚು, ಅರ್ಜಿಗಳು, ತಂದೆಯವರ ಚಿತ್ರಗಳು, ಇವಿಷ್ಟನ್ನೂ ಒಂದು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಬೀರುವಿನಲ್ಲಿ ಇಡತಕ್ಕುದು. ತೆರೆದು ನೋಡದ ನಕಲನ್ನು ನಕಲೆಂದು ನಂಬಬಾರದು. ವರದಿಗಳನ್ನು ಅಳಿಸುವುದಕ್ಕಾಗಿಯೇ ಇದು ಬೇಕೆಂದಲ್ಲ. ಚಿತ್ರಗಳು ಒಂದೇ ಸ್ಥಳದಲ್ಲಿ ಇರುವ ಮನೆಯಲ್ಲಿ ಇದು ಎಂದೋ ಆಗಬೇಕಿದ್ದ ಕೆಲಸ. ಡಿಸ್ಕೇ ಒಂದು ದಿನ ಸತ್ತರೆ ಯಾವ ತಪ್ಪು-ವರದಿಯೂ ಆ ಮುಖವನ್ನು ಮರಳಿ ತಂದುಕೊಡಲಾರದು.

ಎರಡನೆಯದಾಗಿ, ಯಂತ್ರವು ಈಗಲೂ ನೀಲಿ ಪರದೆ ತೋರಿಸಿ ಕುಸಿಯುತ್ತಿದ್ದರೆ ಡಂಪುಗಳನ್ನು ಮುಟ್ಟಬೇಡಿ. ವೈದ್ಯರು ಬರುವ ಮೊದಲೇ ರೋಗಿಯ ಜ್ವರದ ಪಟ್ಟಿಯನ್ನು ಹರಿದುಹಾಕುವವರುಂಟೇ? ರಿಪೇರಿಯವನಿಗೆ ಅವುಗಳಿಂದಲೇ, ದೋಷವು ಸ್ಮೃತಿಯ ಬಿಲ್ಲೆಯದೋ, ಯಾವುದಾದರೂ ಚಾಲಕ ತಂತ್ರಾಂಶದ್ದೋ ಎಂದು ತಿಳಿಯಬೇಕಾಗಿದೆ. ಮಿನಿಡಂಪುಗಳು ಪುಟ್ಟವಾದ್ದರಿಂದ ಅವನ್ನು ಪೆನ್‌ಡ್ರೈವಿಗೆ ಸಾಗಿಸಿಟ್ಟುಕೊಂಡು, ದೊಡ್ಡ ಡಂಪೊಂದನ್ನು ಅಳಿಸುವುದು ಮಧ್ಯಮಾರ್ಗ. ಡಿಸ್ಕಿನಲ್ಲಿ ಬಿಡುವು ೨೫ ಜಿ.ಬಿ.ಗಿಂತ ಕಡಮೆಯಿದ್ದರೆ ಮನೆಬಳಕೆಯ ಯಂತ್ರಗಳಲ್ಲಿ ವಿಂಡೋಸ್ ತಾನೇ ದೊಡ್ಡ ಡಂಪನ್ನು ತೆಗೆದುಹಾಕುವುದೂ ಉಂಟು. ಹುಡುಕಿದಾಗ ಕಾಣದಿದ್ದರೆ ಗಾಬರಿಯಾಗಬೇಕಾದ್ದಿಲ್ಲ.

ಅಳಿಸುವ ಕ್ರಮವು ಸುಲಭ. ಪರದೆಯ ಕೆಳಗಿನ ಹುಡುಕುವ ಸ್ಥಳದಲ್ಲಿ ‘ಡಿಸ್ಕ್ ಕ್ಲೀನಪ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಆ ಹೆಸರಿನ ಸಾಧನವು ಬರುತ್ತದೆ. ಸಿ ಡ್ರೈವನ್ನು ಆರಿಸಿ. ಮೊದಲು ತೋರುವ ಪಟ್ಟಿಯಲ್ಲಿ ಎಲ್ಲವೂ ಇರುವುದಿಲ್ಲ. ‘ಕ್ಲೀನಪ್ ಸಿಸ್ಟಂ ಫೈಲ್ಸ್’ ಎಂಬ ಗುಂಡಿಯನ್ನು ಒತ್ತಿದರೆ ಸ್ವಲ್ಪ ಹೊತ್ತು ಎಣಿಸಿ ಪೂರ್ಣ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ‘ವಿಂಡೋಸ್ ಎರರ್ ರಿಪೋರ್ಟ್ಸ್’ ಎಂಬ ಮಾತಿನಿಂದ ಮೊದಲಾಗುವ ಸಾಲು, ‘ಸಿಸ್ಟಂ ಎರರ್ ಮೆಮೊರಿ ಡಂಪ್ ಫೈಲ್ಸ್’ ಎಂಬ ಸಾಲು, ‘ಮಿನಿಡಂಪ್’ ಎಂಬ ಸಾಲು, ಇವುಗಳ ಎದುರಿಗೆ ಎಷ್ಟೆಷ್ಟು ಸ್ಥಳವೆಂದೂ ಬರೆದಿರುತ್ತದೆ. ಹಳೆಯ ವಿಂಡೋಸಿನಲ್ಲಿ ಮೊದಲಿನದು ಒಂದೇ ಸಾಲಾಗಿರದೆ ‘ಪರ್ ಯೂಸರ್’ ಎಂದೂ ‘ಸಿಸ್ಟಂ’ ಎಂದೂ ಒಡೆದಿರುತ್ತದೆ. ಇವಕ್ಕೆ ಗುರುತು ಹಾಕಿ, ಉಳಿದವುಗಳ ಗುರುತನ್ನೆಲ್ಲ ತೆಗೆದು, ಒಪ್ಪಿಗೆ ಕೊಡಿ. ಹೊಸ ವಿಂಡೋಸಿನಲ್ಲಿ ‘ಸೆಟಿಂಗ್ಸ್’, ಅದರೊಳಗೆ ‘ಸಿಸ್ಟಂ’, ಅದರೊಳಗೆ ‘ಸ್ಟೋರೇಜ್’, ಅಲ್ಲಿ ‘ಟೆಂಪೊರರಿ ಫೈಲ್ಸ್’ ಎಂಬ ದಾರಿಯಿಂದಲೂ ಇದೇ ಬಗೆಯ ಪಟ್ಟಿಗೆ ಹೋಗಬಹುದು. ನಮಗೆ ಹಳೆಯ ಸಾಧನವೇ ಸ್ಪಷ್ಟವಾಗಿ ತೋರುತ್ತದೆ. ಅದು ನಮ್ಮ ಅಭಿಪ್ರಾಯ.

ಪಟ್ಟಿಯಲ್ಲಿರುವುದೆಲ್ಲ ಕಸವೆಂದು ಒಟ್ಟಾಗಿ ಗುರುತು ಹಾಕುವವರಿಗೇ ಅನರ್ಥಗಳು ಆಗುವುದು. ‘ಡೌನ್‌ಲೋಡ್ಸ್’ ಎಂಬ ಸಾಲೊಂದು ಅಲ್ಲಿ ಕಾಣಿಸಬಹುದು. ಅದು ತಾತ್ಕಾಲಿಕವೆಂದು ಯಂತ್ರವು ತಿಳಿದಿದೆ; ಆದರೆ ನಮ್ಮ ಮನೆಗಳಲ್ಲಿ ಅಂಕಪಟ್ಟಿ, ಪಹಣಿ, ವಿಮೆಯ ಕಾಗದ, ರೈಲಿನ ಟಿಕೆಟ್ಟು, ಎಲ್ಲವೂ ಬಂದು ಬೀಳುವುದು ಅಲ್ಲಿಯೇ, ಮತ್ತು ಬಿದ್ದಲ್ಲಿಯೇ ವರ್ಷಗಟ್ಟಲೆ ಇರುವುದು. ಆ ಗುರುತನ್ನು ಹಾಕಲೇ ಕೂಡದು. ‘ರಿಸೈಕಲ್ ಬಿನ್’ ಎಂಬ ಬುಟ್ಟಿಯನ್ನು ಒಮ್ಮೆ ಬಗ್ಗಿ ನೋಡಿದ ಹೊರತು ಬರಿದು ಮಾಡಬಾರದು. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ಎಂಬುದು ಹೊಸ ಆವೃತ್ತಿಗೆ ಹೋದವರ ಹಳೆಯ ಮನೆ. ಸಾಮಾನ್ಯವಾಗಿ ೧೦ ದಿನಗಳವರೆಗೆ ಅಲ್ಲಿಗೆ ಹಿಂದಿರುಗಲು ಅವಕಾಶವಿರುವುದರಿಂದ, ಹೊಸದು ಒಗ್ಗಿತೆಂದು ಖಚಿತವಾಗುವವರೆಗೆ ಅದನ್ನು ಉಳಿಸಿಕೊಳ್ಳುವುದು ವಿವೇಕ.

ಇನ್ನು ಹೆದರಿಸಿದ ಎರಡನೆಯವರ ಮಾತು. ವಿಂಡೋಸಿನ ಕೋಶವನ್ನು ಕೈಯಾರೆ ತೆರೆದು, ದೊಡ್ಡದಾಗಿ ಕಂಡ ಫೈಲನ್ನೆಲ್ಲ ಅಳಿಸಹೊರಡುವುದು ನಿಜವಾಗಿಯೂ ಅಪಾಯವೇ. ಅರಸಿಯ ಕೆರೆ ಎಂದೇ ಹೆಸರು ಪಡೆದ ಊರಿನವರಿಗೆ ಇದನ್ನು ವಿವರಿಸಬೇಕಾದ ಕಷ್ಟವಿಲ್ಲ: ಬೇಸಗೆಯಲ್ಲಿ ಕೆರೆಯ ಹೂಳನ್ನು ಎತ್ತಿ ಹೊಲಕ್ಕೆ ಹಾಕುವವನು ಏರಿಯ ಮಣ್ಣನ್ನೂ ತೂಬಿನ ಕಲ್ಲನ್ನೂ ಬಿಟ್ಟು ಅಗೆಯುತ್ತಾನೆ. ಮೇಲೆ ಹೇಳಿದ ಸಾಧನವು ಹೂಳನ್ನು ಮಾತ್ರ ಬಲ್ಲದು. ಕೈಯಾರೆ ಅಗೆಯುವವನಿಗೆ ಎರಡೂ ಮಣ್ಣೇ. ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ನಷ್ಟವೊಂದುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ, ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತವು ಬಳಕೆಗೆ ಬರುವ ಮುಂಚೆ, ನಮ್ಮವರು ಎಷ್ಟೋ ಪತ್ರಗಳನ್ನೂ ವಂಶಾವಳಿಗಳನ್ನೂ ಲೆಕ್ಕಗಳನ್ನೂ ಬೆರಳಚ್ಚು ಮಾಡಿಟ್ಟಿದ್ದಾರೆ. ಆ ಅಕ್ಷರಗಳ ಫಾಂಟುಗಳು ಇರುವುದು ವಿಂಡೋಸಿನ ಕೋಶದೊಳಗಿನ ‘ಫಾಂಟ್ಸ್’ ಎಂಬ ಉಪಕೋಶದಲ್ಲಿ. ಬೇಡದ ಫೈಲುಗಳೆಂದು ಅವನ್ನು ಅಳಿಸಿದ ಮನೆಯಲ್ಲಿ, ಅಜ್ಜ ಬರೆದ ಕನ್ನಡವು ಮರುದಿನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಬರಹವು ನಾಶವಾಗಿರುವುದಿಲ್ಲ, ಅದೇ ಫಾಂಟನ್ನು ಮತ್ತೆ ಸೇರಿಸಿದರೆ ಓದಬಹುದು. ಆದರೆ ಅದು ತಿಳಿಯದೆ ಫೈಲೇ ಕೆಟ್ಟಿತೆಂದು ಅದನ್ನೂ ಅಳಿಸಿಬಿಡುವವರು ಇದ್ದಾರೆ.

ಶುದ್ಧೀಕರಣಕ್ಕೆಂದು ಬೇರೆ ತಂತ್ರಾಂಶಗಳನ್ನು ತರುವ ಅಭ್ಯಾಸವನ್ನು ನಾವು ಪ್ರೋತ್ಸಾಹಿಸಲಾರೆವು. ಸಿಸಿಕ್ಲೀನರ್ ಎಂಬ ಬಹು ಪ್ರಸಿದ್ಧವಾದ ಸಾಧನದಲ್ಲಿಯೇ ೨೦೧೭ರಲ್ಲಿ ದುಷ್ಟರು ತಮ್ಮ ಸಂಕೇತವನ್ನು ಅಡಗಿಸಿ, ತಯಾರಕರ ಮುದ್ರೆಯೊಂದಿಗೇ ಅದು ಸುಮಾರು ೨೨ ಲಕ್ಷ ಯಂತ್ರಗಳನ್ನು ಹೊಕ್ಕಿತ್ತು. ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದಿತು. ಒಳ್ಳೆಯ ಹೆಸರಿನ ಸಾಧನದ ಗತಿಯೇ ಹೀಗಾದ ಮೇಲೆ, ಪರದೆಯ ಮೂಲೆಯಲ್ಲಿ ಹಾರಿಬಂದು "ನಿಮ್ಮ ಯಂತ್ರದಲ್ಲಿ ಸಾವಿರಾರು ದೋಷಗಳಿವೆ" ಎಂದು ಕೂಗಿ ಹಣ ಕೇಳುವವುಗಳನ್ನು ಕುರಿತು ಹೇಳುವುದೇನಿದೆ!

ಇಷ್ಟೆಲ್ಲ ಮಾಡಿದ ಮೇಲೆ ಎಷ್ಟು ಸ್ಥಳ ಬಿಡುಗಡೆಯಾದೀತು? ಡಂಪು ಇದ್ದವರಿಗೆ ಕೆಲವು ಜಿ.ಬಿ. ಸಿಗಬಹುದು, ಇಲ್ಲದವರಿಗೆ ಅತ್ಯಲ್ಪ. ಇದನ್ನು ಮುಚ್ಚಿಡುವುದು ಸರಿಯಲ್ಲ. ಹೆಚ್ಚಿನ ಮನೆಗಳಲ್ಲಿ ಡಿಸ್ಕನ್ನು ತಿಂದಿರುವುದು ಯಂತ್ರದ ತಪ್ಪುಗಳಲ್ಲ, ನಮ್ಮವೇ ಸಂಗ್ರಹಗಳು: ಫೋನಿನಿಂದ ಮೂರು ಮೂರು ಸಲ ನಕಲಾದ ಮದುವೆಯ ವೀಡಿಯೋಗಳು, ವಾಟ್ಸಾಪಿನಲ್ಲಿ ದಿನವೂ ಬೆಳಗಾಗುವ ಮುನ್ನ ಬರುವ ಶುಭೋದಯದ ಹೂಗುಚ್ಛಗಳು. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಆ ಶಿಲಾಬಾಲಿಕೆಯರ ಒಂದೇ ಚಿತ್ರವು ಒಂದೇ ಮನೆಯ ಡಿಸ್ಕಿನಲ್ಲಿ ಎಷ್ಟು ಸಲ ಉಳಿದಿದೆಯೆಂದು ಎಣಿಸಿದರೆ ನಗೆ ಬಂದೀತು. ಇವನ್ನು ಆರಿಸುವುದು ಮೇಲೆ ಹೇಳಿದ ಸಾಧನದ ಕೆಲಸವಲ್ಲ. ಮನೆಯವರೇ ಒಂದು ಭಾನುವಾರ ಕುಳಿತು ನೋಡಬೇಕು.

ಆದರೂ ಡಂಪುಗಳನ್ನು ತೆಗೆಯಲು ಸ್ಥಳವಲ್ಲದೆ ಬೇರೊಂದು ಕಾರಣವಿದೆ. ಕುಸಿದ ಕ್ಷಣದಲ್ಲಿ ಸ್ಮೃತಿಯಲ್ಲಿದ್ದುದು, ಎಂದರೆ ನೀವು ಬರೆಯುತ್ತಿದ್ದ ಪತ್ರದ ತುಣುಕೋ, ತೆರೆದಿದ್ದ ಲೆಕ್ಕದ ಒಂದು ಭಾಗವೋ, ಅದರಲ್ಲಿ ಸಿಕ್ಕಿಕೊಂಡಿರಬಹುದು. ಹಳೆಯ ಯಂತ್ರವನ್ನು ಮಾರುವಾಗಲೂ, ಅಪರಿಚಿತರಿಗೆ ರಿಪೇರಿಗೆ ಕೊಡುವಾಗಲೂ ಇದನ್ನು ಮರೆಯಬಾರದು. ತಯಾರಕರಿಗೆ ಎಷ್ಟು ಕಳುಹಿಸಬೇಕೆಂಬುದನ್ನು ‘ಸೆಟಿಂಗ್ಸ್’ನ ‘ಪ್ರೈವಸಿ’ ವಿಭಾಗದಲ್ಲಿ, ‘ಡಯಾಗ್ನೋಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್’ ಎಂಬಲ್ಲಿ ಮಿತಗೊಳಿಸಬಹುದು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ, ಆ ಆವೃತ್ತಿಯ ವರದಿಗಳನ್ನು ಕಳುಹಿಸಿ ತಿದ್ದುಪಡಿಯನ್ನು ನಿರೀಕ್ಷಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಯನ್ನು ಬಳಸುವ ವಾಚಕರಿಗೂ ಎರಡು ಮಾತು. ಅಲ್ಲಿ ಇಂತಹ ವರದಿಗಳು ‘ವಾರ್’ ಎಂಬ ಕೋಶದೊಳಗಿನ ‘ಕ್ರ್ಯಾಶ್’ ಎಂಬಲ್ಲಿ ಸೇರುತ್ತವೆ. ಆ ಕೋಶದ ಒಳಗಿನ ಫೈಲುಗಳನ್ನು ಆಡಳಿತಗಾರನ ಅಧಿಕಾರದಿಂದ ಅಳಿಸಬಹುದು, ಕೋಶವನ್ನೇ ಅಳಿಸಬಾರದು. ಅಪ್ಪಣೆಯ ಸಾಲನ್ನು ಬರೆಯುವಾಗ ಒಂದು ಖಾಲಿ ಸ್ಥಳ ತಪ್ಪಿದರೂ ಬೇರೆಯದು ಹೋಗುವ ವ್ಯವಸ್ಥೆ ಅದಾದ್ದರಿಂದ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು.

ಅಳಿಸಿದ ಒಂದು ವಾರದಲ್ಲಿಯೇ ವರದಿಗಳ ರಾಶಿ ಮತ್ತೆ ಬೆಳೆದರೆ, ಇನ್ನೊಮ್ಮೆ ಅಳಿಸಲು ಹೋಗಬೇಡಿ. ಹುಡುಕುವ ಸ್ಥಳದಲ್ಲಿ ‘ರಿಲಯಬಿಲಿಟಿ’ ಎಂದು ಬರೆದರೆ ದಿನದಿನದ ಪಟ್ಟಿಯೊಂದು ತೆರೆಯುತ್ತದೆ. ಯಂತ್ರದ ದೃಢತೆಗೆ ಅಲ್ಲಿ ೧ರಿಂದ ೧೦ರ ವರೆಗೆ ಅಂಕ ಕೊಟ್ಟಿರುತ್ತಾರೆ, ತಪ್ಪಾದ ದಿನದ ಮೇಲೆ ಕೆಂಪು ಗುರುತಿರುತ್ತದೆ. ಆ ದಿನವನ್ನು ಒತ್ತಿದರೆ ಬಿದ್ದ ಪ್ರೋಗ್ರಾಮಿನ ಹೆಸರು ಕೆಳಗೆ ಕಾಣುತ್ತದೆ. ದಿನವೂ ಅದೇ ಹೆಸರು ಬರುತ್ತಿದ್ದರೆ ಅದನ್ನು ಚೀಟಿಯಲ್ಲಿ ಬರೆದುಕೊಂಡು, ಆ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಹಾಕಿಸಿರಿ, ಬೇಡವಾದದ್ದಾಗಿದ್ದರೆ ತೆಗೆಸಿಬಿಡಿರಿ. ಅರಸೀಕೆರೆಯ ವಾಚಕರು ತಮ್ಮ ಪಟ್ಟಿಯಲ್ಲಿ ಕಂಡ ಹೆಸರನ್ನು ಬರೆದು ಕಳುಹಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಅದರ ವಿಚಾರವನ್ನು ಬರೆಯಲಾಗುವುದು.